ವೈರಾಣುವೂ ಜೀವಕೋಶದ ಕಾವಲುಗಾರರೂ

ಜೀವಕೋಶವೆಂದರೇನೆಂಬುದನ್ನು ನಾನು ಕನ್ನಡದಲ್ಲಿ ಅರಿತದ್ದು ಈ ಶಾಲೆಯಲ್ಲಿ. ಅದೇ ಜೀವಕೋಶದ ಕುರಿತು, ಸಂಕೋಚದಿಂದಾಗಿ ನಮ್ಮ ಮನೆಗಳಲ್ಲಿ ಮಾತಿಗೆ ಬಾರದ ಗರ್ಭಕಂಠದ ಕ್ಯಾನ್ಸರಿನ ಕುರಿತು, ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನಾಲ್ಕು ಮಾತು ನಿವೇದಿಸುತ್ತೇನೆ.

ಜೀವಕೋಶದ ವಿಭಜನೆಯನ್ನು ಹತೋಟಿಯಲ್ಲಿಡುವ ಪ್ರೋಟೀನುಗಳಲ್ಲಿ ಎರಡು ಮುಖ್ಯವಾದವು. ‘ಆರ್‌ಬಿ’ ಎಂಬುದು ವಿಭಜನೆಗೆ ಚಾಲನೆ ನೀಡುವ ‘ಇ2ಎಫ್’ ಪ್ರೋಟೀನುಗಳನ್ನು ಹಿಡಿದಿಟ್ಟು, ಸಕಾಲದಲ್ಲಿ ಮಾತ್ರ ಬಿಡುತ್ತದೆ. 1979ರಲ್ಲಿ ಪತ್ತೆಯಾದ ‘ಪಿ53’, ಡಿ.ಎನ್.ಎ.ಗೆ ಹಾನಿಯಾದಾಗ ವಿಭಜನೆಯನ್ನು ತಡೆಯುತ್ತದೆ. ದುರಸ್ತಿ ಅಸಾಧ್ಯವಾದರೆ ಜೀವಕೋಶವು ತಾನಾಗಿಯೇ ಅಳಿಯುವಂತೆ ಮಾಡುತ್ತದೆ.

ಹ್ಯೂಮನ್ ಪ್ಯಾಪಿಲೋಮ ವೈರಾಣು (ಎಚ್.ಪಿ.ವಿ.) ವೃದ್ಧಿಯಾಗಲು ವಿಭಜಿಸುವ ಜೀವಕೋಶದ ಸಲಕರಣೆಗಳು ಬೇಕು. ಆದ್ದರಿಂದ ಅದರ ‘ಇ7’ ಪ್ರೋಟೀನು ಆರ್‌ಬಿಗೆ ಅಂಟಿಕೊಂಡು ಇ2ಎಫ್ ಅನ್ನು ಬಿಡಿಸುತ್ತದೆ. ಈ ಅಕಾಲ ವಿಭಜನೆಯಿಂದ ಪಿ53 ಎಚ್ಚರಗೊಳ್ಳುತ್ತದೆ. ಆಗ ‘ಇ6’ ಪ್ರೋಟೀನು ಜೀವಕೋಶದ್ದೇ ಆದ ಕಿಣ್ವವೊಂದನ್ನು ಜೊತೆಗೂಡಿಸಿಕೊಂಡು, ಪಿ53ಕ್ಕೆ ‘ಯುಬಿಕ್ವಿಟಿನ್’ ಎಂಬ ಗುರುತನ್ನು ಹಚ್ಚಿಸುತ್ತದೆ. ಗುರುತು ಬಿದ್ದ ಪ್ರೋಟೀನನ್ನು ಜೀವಕೋಶವೇ ತುಂಡರಿಸಿಬಿಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು! ಕಾವಲಿಲ್ಲದ ಜೀವಕೋಶದಲ್ಲಿ ವರ್ಷಗಟ್ಟಲೆ ದೋಷಗಳು ಕೂಡುತ್ತಾ ಹೋಗಿ ಕ್ಯಾನ್ಸರ್ ಹುಟ್ಟಬಹುದು.

ಇಲ್ಲೊಂದು ವಿಶೇಷವಿದೆ. ಬೇರೆ ಅನೇಕ ಕ್ಯಾನ್ಸರುಗಳಲ್ಲಿ ಪಿ53ರ ವಂಶವಾಹಿಯೇ ಕೆಟ್ಟಿರುತ್ತದೆ; ಇದರಲ್ಲಿ ಅದು ಸಾಮಾನ್ಯವಾಗಿ ಸುಸ್ಥಿತಿಯಲ್ಲಿರುತ್ತದೆ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ತೆಗೆದ ‘ಹೀಲಾ’ ಜೀವಕೋಶಗಳನ್ನು ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಸುತ್ತಿದ್ದಾರೆ. ಅವುಗಳಲ್ಲಿ ಇ6, ಇ7ರ ಉತ್ಪಾದನೆಯನ್ನು ತಡೆದಾಗ ಕಾವಲುಗಾರರು ಮರಳಿ ಬಂದರು, ವಿಭಜನೆ ನಿಂತಿತು. ಅಂದರೆ ರೋಗದ ಬೇರು ವೈರಾಣುವಿನಲ್ಲಿದೆ. ಅದನ್ನು ತಡೆದರೆ ರೋಗವನ್ನೂ ತಡೆಯಬಹುದು.

ಗರ್ಭಕಂಠದ ಕ್ಯಾನ್ಸರಿಗೂ ಈ ವೈರಾಣುವಿಗೂ ಇರುವ ನಂಟನ್ನು ತೋರಿಸಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. 2006ರಿಂದ ಲಸಿಕೆ ಲಭ್ಯವಿದೆ; ಭಾರತದಲ್ಲಿಯೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವರ್ಷದ ಬಾಲಕಿಯರಿಗೆ ಅದನ್ನು ಮೊದಲು ನೀಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಈಗಾಗಲೇ ತಗಲಿದ ಸೋಂಕನ್ನು ಲಸಿಕೆ ನಿವಾರಿಸದು. ಆದ್ದರಿಂದ ಮೂವತ್ತು ದಾಟಿದ ಮಹಿಳೆಯರಿಗೆ ತಪಾಸಣೆ ಅಗತ್ಯ.

ಲೈಂಗಿಕ ಸಂಪರ್ಕದಿಂದ ಹರಡುವುದಾದರೂ ಈ ಸೋಂಕು ಯಾರ ನಡತೆಗೂ ಕಳಂಕವಲ್ಲ. ಅದು ಬಹುಪಾಲು ಜನರಿಗೆ ಬಾಳಿನಲ್ಲೊಮ್ಮೆ ತಗಲುವಂಥದು; ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನೇ ಶಮನವಾಗುತ್ತದೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷಗಳು ಬೇಕು. ಅಷ್ಟು ದೀರ್ಘ ಕಾಲಾವಕಾಶವನ್ನು ನಾಚಿಕೆಗೆ ಬಲಿಗೊಡದೆ, ನಮ್ಮ ತಾಯಂದಿರೂ ಸೋದರಿಯರೂ ವೈದ್ಯರನ್ನು ಕಾಣಲೆಂದು ನನ್ನ ವಿನಮ್ರ ಪ್ರಾರ್ಥನೆ.