ಚುಚ್ಚುವ ಉಣ್ಣೆ, ಸದ್ದು ನುಂಗುವ ಉಣ್ಣೆ

ನಮ್ಮ ಸ್ಟುಡಿಯೋಗೆ ಮೊದಲ ಸಲ ಬರುವ ಅತಿಥಿಗಳು ಬಾಗಿಲು ಮುಚ್ಚಿದ ಕೂಡಲೇ ಒಂದು ಮಾತು ಹೇಳ್ತಾರೆ: "ಏನ್ ಸಾರ್, ಕಿವಿ ಕಟ್ಟಿದ ಹಾಗಾಯ್ತು!" ಕಿವಿ ಏನೂ ಕಟ್ಟಿರಲ್ಲ. ಆಡಿದ ಮಾತು ಗೋಡೆಗೆ, ನೆಲಕ್ಕೆ ಬಡಿದು ವಾಪಸ್ ಬರುತ್ತಿಲ್ಲ, ಅಷ್ಟೇ. ಗೋಡೆಗೆ ಮೆತ್ತನೆಯ ಹೊದಿಕೆ ಇದೆ, ನೆಲಕ್ಕೆ ಕಾರ್ಪೆಟ್ ಇದೆ. ಸದ್ದನ್ನು ಅವು ನುಂಗಿಬಿಡುತ್ತವೆ.

ಇದೇ ಕೆಲಸ ಮಾಡಬಲ್ಲ ವಸ್ತುವೊಂದು ನಮ್ಮ ಚಿತ್ರದುರ್ಗ, ಬಳ್ಳಾರಿ, ಬೆಳಗಾವಿ ಕಡೆಯ ಕುರಿಹಟ್ಟಿಗಳಲ್ಲಿದೆ. ಅದನ್ನು ಕೇಳೋರಿಲ್ಲ. ಅದೇ ಕುರಿಯ ಒರಟು ಉಣ್ಣೆ.

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ. ಎಲ್ಲವೂ ಉಣ್ಣೆ ಕೊಡುವ ಕುರಿಗಳಲ್ಲ ನಿಜ. ಆದರೆ ಬಯಲುಸೀಮೆಯ ಡೆಕ್ಕನಿ ಕುರಿ ಕೊಡುತ್ತೆ. ನಮ್ಮ ಕರಿಕಂಬಳಿ ಹುಟ್ಟಿದ್ದೇ ಅದರ ಮೈಮೇಲಿಂದ. ಸ್ವೆಟರಿಗೆ ಬಳಸುವ ಮೆರಿನೋ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಡೆಕ್ಕನಿ ಉಣ್ಣೆಯ ಎಳೆ ಅದಕ್ಕಿಂತ ಎರಡು ಪಟ್ಟು ದಪ್ಪ. ಮೈಗೆ ಹಾಕಿಕೊಂಡರೆ ಚುಚ್ಚುತ್ತೆ. ಹಾಗಾಗಿ ಬಟ್ಟೆ ಗಿರಣಿಗೆ ಅದು ಬೇಡ. ಕಂಬಳಿ ಕೊಳ್ಳೋರೂ ಕಡಿಮೆಯಾದರು. ಉಣ್ಣೆ ಮಾರಿದ ದುಡ್ಡು ಕತ್ತರಿಸಿದವರ ಕೂಲಿಗೂ ಸಾಲದ ಸ್ಥಿತಿ ಬಂತು.

ಸರಿ, ಈ ಉಣ್ಣೆ ಸದ್ದನ್ನು ನುಂಗೋದು ಹೇಗೆ? ಸದ್ದು ಅಂದರೆ ಗಾಳಿಯ ಕಂಪನ. ಗಟ್ಟಿ ಗೋಡೆಗೆ ಬಡಿದರೆ ಚೆಂಡಿನ ಹಾಗೆ ವಾಪಸ್ ಬರುತ್ತೆ. ಉಣ್ಣೆಯ ಹಾಸಿನಲ್ಲಿ ಎಳೆಗಳ ನಡುವೆ ಲೆಕ್ಕವಿಲ್ಲದಷ್ಟು ಸಂದುಗಳಿವೆ. ಕಂಪಿಸುವ ಗಾಳಿ ಆ ಸಂದುಗಳಲ್ಲಿ ನುಗ್ಗಿ, ಎಳೆಗಳಿಗೆ ಉಜ್ಜಿ ಉಜ್ಜಿ ಶಕ್ತಿ ಕಳೆದುಕೊಳ್ಳುತ್ತೆ. ಆ ಶಕ್ತಿ ನಮಗೆ ಗೊತ್ತೇ ಆಗದಷ್ಟು ಸಣ್ಣ ಬಿಸಿಯಾಗಿ ಮಾಯವಾಗುತ್ತೆ.

ಇದಕ್ಕೆ ನೂಲು ತೆಗೆಯಬೇಕಾಗಿಯೂ ಇಲ್ಲ. ಉಣ್ಣೆಯ ಜಿಡ್ಡು, ಮಣ್ಣು ತೊಳೆದು, ಅಂಟಿದ ಮುಳ್ಳು ಕಸ ತೆಗೆದು, ಹಿಂಜಿ ಹಾಳೆಯ ಹಾಗೆ ಹರಡಬೇಕು. ಆಮೇಲೆ ಕೊಕ್ಕೆಯಂಥ ಕಚ್ಚುಗಳಿರುವ ಸೂಜಿಗಳ ಯಂತ್ರ ಅದನ್ನು ಮೇಲಿಂದ ಕೆಳಕ್ಕೆ ಚುಚ್ಚುತ್ತಾ ಹೋದರೆ ಎಳೆಗೆ ಎಳೆ ಹೆಣೆದುಕೊಂಡು ಗಟ್ಟಿ ಹಾಸು ತಯಾರು. ಗಿಡ್ಡ ಎಳೆಯಾದರೂ ನಡೆಯುತ್ತೆ, ಬಣ್ಣ ಕಪ್ಪಾದರೂ ನಡೆಯುತ್ತೆ. ಒರಟು ಎಳೆಗೆ ಇನ್ನೊಂದು ಗುಣವಿದೆ. ಕಾಲಿನಡಿ ಸಿಕ್ಕು ಬಗ್ಗಿದರೂ ಮತ್ತೆ ಎದ್ದು ನಿಲ್ಲುತ್ತೆ. ಕಾರ್ಪೆಟ್ಟಿಗೆ ಬೇಕಾದ್ದೇ ಅದು. ಜೊತೆಗೆ ಉಣ್ಣೆ ಬೇಗ ಹೊತ್ತಿಕೊಳ್ಳಲ್ಲ, ಪ್ಲಾಸ್ಟಿಕ್ ನೂಲಿನ ಹಾಗೆ ಕರಗಿ ತೊಟ್ಟಿಕ್ಕಲ್ಲ.

ಹಾಗಂತ ಇದು ಮಂತ್ರದಂಡ ಅಂತ ನಾನು ಹೇಳೋದಿಲ್ಲ. ಒಂದೇ ತೂಕದ ಹಾಸು ತಗೊಂಡರೆ ಸಣ್ಣ ಎಳೆಯದ್ದೇ ಹೆಚ್ಚು ಸದ್ದು ಹೀರುತ್ತೆ. ಒರಟು ಉಣ್ಣೆಯನ್ನು ದಪ್ಪವಾಗಿ ಹಾಕಬೇಕು. ಕೀರಲು ಸದ್ದಿಗೆ ತೆಳು ಹಾಸು ಸಾಕು, ಡೊಳ್ಳಿನಂಥ ಗುಡುಗು ಸದ್ದಿಗೆ ಸಾಲದು. ಗೋಡೆಗೆ ಹಾಕುವುದಾದರೆ ಹಿಂದೆ ಒಂದೆರಡು ಇಂಚು ಜಾಗ ಬಿಟ್ಟರೆ ಕೆಲಸ ಸುಧಾರಿಸುತ್ತೆ. ನುಸಿ ಹಿಡಿಯದ ಹಾಗೆ ಮದ್ದು ಹಾಕಬೇಕು. ಇನ್ನೊಂದು ವಿಷಯ: ಇದು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತೆಯೇ ಹೊರತು ಪಕ್ಕದ ಮನೆಯ ಟಿವಿಯನ್ನು ಪೂರ್ತಿ ತಡೆಯಲ್ಲ.

ಆದರೆ ಪ್ರತಿಧ್ವನಿಯೇ ದೊಡ್ಡ ತೊಂದರೆಯಾಗಿರುವ ಜಾಗ ಎಷ್ಟಿಲ್ಲ ಹೇಳಿ? ಹಿಂದಿನ ಬೆಂಚಿನ ಮಗುವಿಗೆ ಮೇಷ್ಟ್ರ ಪಾಠ ಕಲಸುಮೇಲೋಗರವಾಗಿ ಕೇಳುವ ತರಗತಿಗಳು, ಮೈಕು ಹಾಕಿದರೂ ಏನೂ ಅರ್ಥವಾಗದ ಸಮುದಾಯ ಭವನಗಳು. ಇಂಥ ಕಡೆ ಈ ಉಣ್ಣೆಗೆ ಕೆಲಸವಿದೆ. ಇತ್ತ ಉಣ್ಣೆ ಇದೆ, ಅತ್ತ ಅಗತ್ಯ ಇದೆ. ಇಲ್ಲದಿರುವುದು ನಡುವಿನ ಕೊಂಡಿ: ಹಟ್ಟಿಗೆ ಹತ್ತಿರದಲ್ಲೇ ಉಣ್ಣೆ ವಿಂಗಡಿಸಿ ತೊಳೆದು ಹಿಂಜುವ ಘಟಕ, ಮತ್ತೆ ವರ್ಷ ವರ್ಷವೂ ಖಾತರಿಯಾಗಿ ಕೊಳ್ಳುವ ಗಿರಾಕಿ. ಸರ್ಕಾರ ಕಟ್ಟುವ ಸಭಾಂಗಣ, ಶಾಲೆಗಳೇ ಮೊದಲ ಗಿರಾಕಿ ಯಾಕಾಗಬಾರದು?

ತಡಮಾಡಿದರೆ ನಷ್ಟ ಉಣ್ಣೆಯದ್ದಷ್ಟೇ ಅಲ್ಲ. ಉಣ್ಣೆಗೆ ಬೆಲೆಯಿಲ್ಲ ಅಂತ ಕುರಿಗಾರರು ಮಾಂಸ ಹೆಚ್ಚು ಬರುವ, ಉಣ್ಣೆಯೇ ಇಲ್ಲದ ತಳಿಗಳತ್ತ ತಿರುಗುತ್ತಿದ್ದಾರೆ. ಅವರನ್ನು ತಪ್ಪು ಅನ್ನೋ ಹಾಗಿಲ್ಲ, ಹೊಟ್ಟೆಪಾಡು. ಆದರೆ ತಳಿ ಹೋದರೆ ಉಣ್ಣೆ ಹೋಯ್ತು, ಉಣ್ಣೆ ಹೋದರೆ ಮಗ್ಗ ಹೋಯ್ತು.

ಸಭೆ ಸಮಾರಂಭಗಳಲ್ಲಿ ನಮ್ಮ ನಾಯಕರ ಹೆಗಲಿಗೆ ಕಂಬಳಿ ಹೊದಿಸಿ, ಕೈಗೊಂದು ಕುರಿಮರಿ ಕೊಟ್ಟು ಸನ್ಮಾನ ಮಾಡ್ತಾರೆ. ನಮ್ಮ ಕ್ಯಾಮೆರಾಗಳೂ ಅದನ್ನು ತಪ್ಪದೆ ತೋರಿಸುತ್ತವೆ. ಮುಂದಿನ ಸಲ ಹಾಗೆ ಕಂಬಳಿ ಹೊದ್ದವರು ಒಂದು ಪ್ರಶ್ನೆ ಕೇಳಲಿ: ಇದರ ಉಣ್ಣೆ ಕತ್ತರಿಸಿದವನಿಗೆ ಎಷ್ಟು ಸಿಕ್ಕಿತು?