ಉಪ್ಪುಗಾಳಿಯಲ್ಲಿ ನಿಂತ ಕಾವಲು ಪೆಟ್ಟಿಗೆ

ಅಂಕೋಲೆಗೆ ಅಂಟಿಕೊಂಡಂತಿರುವ ಬೊಬ್ರುವಾಡದಲ್ಲಿ ಕಡಲ ಗಾಳಿಯೊಡನೆ ಉಪ್ಪೂ ಸಂಚರಿಸುತ್ತದೆ. 1930ರಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದು, ಕರನಿರಾಕರಣೆಯ ಹೋರಾಟದಿಂದ ‘ಕರ್ನಾಟಕದ ಬಾರ್ಡೋಲಿ’ ಎನಿಸಿಕೊಂಡ ಈ ಸೀಮೆಯ ಜನಕ್ಕೆ ಉಪ್ಪಿನ ಮಹಿಮೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೂ ಅದರ ಒಂದು ಗುಣವನ್ನು ಇಲ್ಲಿ ನೆನೆಯುವುದು ಅವಶ್ಯ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ರಷ್ಟನ್ನು ಮೀರಿದೊಡನೆ ಉಪ್ಪಿನ ಹರಳು ತಾನಾಗಿಯೇ ತೇವವನ್ನು ಸೆಳೆದು, ಕರಗಿ, ವಿದ್ಯುತ್ತನ್ನು ವಹಿಸಬಲ್ಲ ದ್ರಾವಣವಾಗಿ ಪರಿಣಮಿಸುತ್ತದೆ. ಮಳೆಗಾಲದಲ್ಲಿ ಕರಾವಳಿಯ ಆರ್ದ್ರತೆ ಈ ಎಲ್ಲೆಯನ್ನು ದಾಟುವುದು ನಿತ್ಯದ ಸಂಗತಿಯಾದುದರಿಂದ, ಒಂದು ಮಳೆಹನಿಯೂ ತಗುಲದೆ ಸೂರಿನಡಿಯಲ್ಲಿ ಕುಳಿತ ಯಂತ್ರವೂ ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಇಂಥ ಗಾಳಿಯಲ್ಲಿ ವರ್ಷಗಟ್ಟಲೆ ನಿಲ್ಲತಕ್ಕ ಯಂತ್ರಗಳಲ್ಲಿ ಸೆಲ್ಯುಲರ್ ಫೈರ್‌ವಾಲ್ ಒಂದು. ನೀರೆತ್ತುವ ಪಂಪ್‌ಮನೆ, ವಿದ್ಯುತ್ ಉಪಕೇಂದ್ರ, ಅಣೆಕಟ್ಟಿನ ಬಾಗಿಲು, ನದಿಯ ಮಟ್ಟವನ್ನಳೆಯುವ ಮಾಪಕ ಇವೇ ಮೊದಲಾದ, ಆಳಿಲ್ಲದ ಎಡೆಗಳ ಉಪಕರಣಗಳನ್ನು ಮೊಬೈಲ್ ಜಾಲದ ಮೂಲಕ ದೂರದ ನಿಯಂತ್ರಣ ಕೊಠಡಿಗೆ ಜೋಡಿಸಿ, ಬರುವ ಹೋಗುವ ಪ್ರತಿಯೊಂದು ದತ್ತಾಂಶದ ಕಟ್ಟನ್ನೂ ಪರೀಕ್ಷಿಸಿ, ಅನುಮತಿಯುಳ್ಳದ್ದನ್ನು ಮಾತ್ರ ದಾಟಗೊಡುವುದು ಅದರ ಕಾರ್ಯ. ತಂತಿಯಿರುವಾಗ ಮೊಬೈಲ್ ಜಾಲವೇಕೆ ಎಂದು ಕೇಳುವವರು 2024ರ ಜುಲೈ 16ನ್ನು ನೆನೆಯಬೇಕು: ಅಂದು ಇದೇ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಕುಸಿದು, 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚಿ, ಗಂಗಾವಳಿ ನದಿಯೊಳಕ್ಕೆ ಇಳಿದು, ಹಲವರ ಪ್ರಾಣವನ್ನು ಅಪಹರಿಸಿತು. ರಸ್ತೆಯಂಚಿನಲ್ಲಿ ಹೂಳಿದ ತಂತಿಗೆ ರಸ್ತೆಯ ಗತಿಯೇ ಗತಿಯಾದ್ದರಿಂದ, ಇಂಥ ನೆಲದಲ್ಲಿ ನೆಲವನ್ನು ನೆಚ್ಚದ ಎರಡನೆಯ ಮಾರ್ಗವೊಂದು ಇರಲೇಬೇಕು.

ಈ ಪೆಟ್ಟಿಗೆಯ ಗಟ್ಟಿತನವನ್ನು ಅದರ ಲೋಹದ ಗೋಡೆಯಲ್ಲಿ ಹುಡುಕುವವರುಂಟು. ನನ್ನ ದೃಷ್ಟಿಯಲ್ಲಿ ಅದರ ಪರೀಕ್ಷೆಯೆಲ್ಲ ರಂಧ್ರಗಳಲ್ಲಿದೆ. ಗೋಡೆಯನ್ನು ದಪ್ಪಮಾಡುವುದು ಸುಲಭ. ತಂತಿಗಾಗಿ ತೆರೆದ ಪ್ರತಿಯೊಂದು ದ್ವಾರವಾದರೋ ಉಪ್ಪಿಗೆ, ಸಿಡಿಲಿಗೆ, ವೈರಿಗೆ ಸಮನಾಗಿ ತೆರೆದಿರುತ್ತದೆ. ಗಾಳಿಯಾಡಲೆಂದು ಫ್ಯಾನನ್ನಿಟ್ಟರೆ ಅದೂ ಒಂದು ದ್ವಾರವೇ. ಆದುದರಿಂದಲೇ ಇಲ್ಲಿ ಫ್ಯಾನಿಲ್ಲ, ಒಳಗಿನ ಶಾಖ ಅಲ್ಯುಮಿನಿಯಮ್ ಮೈಯ ಏಣುಗಳ ಮೂಲಕ ಹೊರಬೀಳಬೇಕು. ಈ ಜಾತಿಯ ಹಲವು ಯಂತ್ರಗಳು −40ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ದುಡಿಯುವಂತೆ ರಚಿತವಾಗಿದ್ದರೂ, ಶಾಖ ಹತ್ತು ಡಿಗ್ರಿ ಏರಿದಂತೆಲ್ಲ ದ್ರವಭರಿತ ಕೆಪಾಸಿಟರುಗಳ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆಂಬುದನ್ನು ಮರೆಯಲಾಗದು. ಇನ್ನೊಂದು ಮಾತು: ಇವುಗಳಲ್ಲಿ ಅನೇಕಕ್ಕೆ ಇರುವ ಐಪಿ40 ಎಂಬ ಶ್ರೇಣಿ ತೆಳುತಂತಿಯಷ್ಟು ವಸ್ತುವನ್ನು ತಡೆಯುವುದೆಂಬ ಭರವಸೆಯೇ ಹೊರತು ನೀರನ್ನು ತಡೆಯುವ ಭರವಸೆಯಲ್ಲ. ಅವನ್ನು ಕರಾವಳಿಯಲ್ಲಿ ಮತ್ತೊಂದು ಭದ್ರವಾದ ಗೂಡಿನೊಳಗಿರಿಸದೆ ನಿಲ್ಲಿಸುವುದು ಅವಿವೇಕ.

ತಾಮ್ರದ ತಂತಿಯನ್ನು ಸ್ವೀಕರಿಸುವ ಈಥರ್ನೆಟ್ ದ್ವಾರದಲ್ಲಿ ಎಂಟು ಸಂಪರ್ಕಪಟ್ಟಿಗಳಿವೆ. ಅವಕ್ಕೆ ಚಿನ್ನದ ಲೇಪವಿರುವುದು ವೈಭವಕ್ಕಲ್ಲ, ಚಿನ್ನಕ್ಕೆ ತುಕ್ಕಿಲ್ಲವೆಂಬುದಕ್ಕಾಗಿ. ಲೇಪ ಸೂಕ್ಷ್ಮವಾಗಿ ಸವೆದಲ್ಲಿ ಉಪ್ಪು ತಾಮ್ರವನ್ನು ಮುಟ್ಟದಿರಲೆಂದು ನಡುವೆ ನಿಕಲ್ಲಿನ ಪದರವೂ ಇರುತ್ತದೆ. ದ್ವಾರದ ಹಿಂದೆ ಕುಳಿತ ಪುಟ್ಟ ಟ್ರಾನ್ಸ್‌ಫಾರ್ಮರ್ 1500 ವೋಲ್ಟಿನವರೆಗಿನ ಅಂತರವನ್ನು ತಡೆದು ಸಂಕೇತವನ್ನಷ್ಟೇ ಒಳಬಿಡುತ್ತದೆ. ಆದರೆ ಸಿಡಿಲಿನ ಮುಂದೆ 1500 ವೋಲ್ಟು ಎಷ್ಟರದು? ಎರಡು ಕಟ್ಟಡಗಳ ನಡುವೆ, ಅಥವಾ ನೂರು ಮೀಟರನ್ನು ಮೀರಿದ ದೂರಕ್ಕೆ, ಎಸ್‌ಎಫ್‌ಪಿ ಎಂಬ ಇನ್ನೊಂದು ದ್ವಾರದಲ್ಲಿ ಗಾಜಿನ ನಾರನ್ನು ಜೋಡಿಸುವುದೇ ಲೇಸು. ಬೆಳಕನ್ನು ಮಾತ್ರ ಒಯ್ಯುವ ಗಾಜು ಸಿಡಿಲಿನ ಪ್ರವಾಹವನ್ನು ಒಳತರಲಾರದು.

ಆಂಟೆನಾಗಳಿಗೆ ಬೇರೆ ಕಿಂಡಿಗಳು. ಒಂದೇ ಕಾಲಕ್ಕೆ ಹಲವು ಅಲೆಗಳನ್ನು ಬೇರ್ಪಡಿಸಿ ಗ್ರಹಿಸಲು ಎರಡೋ ನಾಲ್ಕೋ ಆಂಟೆನಾಗಳಿರುತ್ತವೆ. ಇಲ್ಲಿ ತಂತ್ರಜ್ಞನಿಗೊಂದು ಧರ್ಮಸಂಕಟವಿದೆ: ಆಂಟೆನಾವನ್ನು ಎತ್ತರಕ್ಕೇರಿಸಿ ಉದ್ದನೆಯ ತಂತಿಯನ್ನು ಇಳಿಬಿಟ್ಟರೆ ಸಂಕೇತದ ಬಹುಭಾಗ ತಂತಿಯಲ್ಲೇ ಸೊರಗುತ್ತದೆ, ಆವೃತ್ತಿ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು, ಪೆಟ್ಟಿಗೆಯನ್ನೇ ಆಂಟೆನಾದ ಬಳಿಗೆ ಒಯ್ದರೆ ಅದು ಬಿಸಿಲಿಗೂ ಉಪ್ಪಿಗೂ ಈಡಾಗುತ್ತದೆ. ಹಿತ್ತಾಳೆಯ ತಿರುಪು ಅಲ್ಯುಮಿನಿಯಮ್ ಮೈಯನ್ನು ಸೇರುವ ಸಂದಿನಲ್ಲಿ ಉಪ್ಪುನೀರು ನಿಂತರೆ ಅದೊಂದು ಬ್ಯಾಟರಿಯೇ ಆಗಿ, ಅಲ್ಯುಮಿನಿಯಮ್ಮನ್ನು ತಿನ್ನತೊಡಗುತ್ತದೆ. ಸಂದನ್ನು ಬಿಗಿಯಾಗಿ ಮುಚ್ಚುವ ಟೇಪಿನ ಸುತ್ತು ಎಷ್ಟು ಅಗ್ಗವೋ ಅಷ್ಟೇ ಅಮೂಲ್ಯ.

ಎರಡು ಕಂಪನಿಗಳ ಸಿಮ್‌ಗಳನ್ನಿಟ್ಟು, ಒಂದರ ಗೋಪುರ ಮೂಕವಾದಾಗ ಇನ್ನೊಂದಕ್ಕೆ ಹೊರಳುವ ಏರ್ಪಾಡು ಸಾಮಾನ್ಯ. ಸಿಮ್ಮಿನ ಕಿಂಡಿಯನ್ನು ತಿರುಪಿನ ಫಲಕದಿಂದ ಮುಚ್ಚುವುದು ಅಲುಗಾಟಕ್ಕೆ ಹೆದರಿ ಮಾತ್ರವಲ್ಲ. ಕದ್ದ ಸಿಮ್ ಖಾಸಗಿ ಜಾಲವನ್ನು ಹೊಗುವ ಕೀಲಿಯಾಗಬಲ್ಲದು. ಯಂತ್ರಕ್ಕೆ ಮೊದಲ ಪಾಠ ಹೇಳುವ ಕನ್ಸೋಲ್ ದ್ವಾರಕ್ಕೂ ಯುಎಸ್‌ಬಿ ದ್ವಾರಕ್ಕೂ ಇದೇ ಎಚ್ಚರ ಸಲ್ಲುತ್ತದೆ.

ಇಷ್ಟೆಲ್ಲ ಎಚ್ಚರ ಅತಿಯಲ್ಲವೆ ಎಂಬವರಿಗೆ ಉಕ್ರೇನಿನ ವೃತ್ತಾಂತ ಸಾಕು. 2015ರ ಡಿಸೆಂಬರ್ 23ರಂದು ದೂರದಿಂದ ಜಾಲವನ್ನು ಹೊಕ್ಕ ದುಷ್ಕರ್ಮಿಗಳು ಉಪಕೇಂದ್ರಗಳ ಸ್ವಿಚ್ಚುಗಳನ್ನು ತೆರೆದು ಸುಮಾರು 2,25,000 ಗ್ರಾಹಕರನ್ನು ಕತ್ತಲೆಗೆ ತಳ್ಳಿದ್ದಲ್ಲದೆ, ಹಳೆಯ ಯಂತ್ರಗಳನ್ನು ಜಾಲಕ್ಕೆ ಜೋಡಿಸುತ್ತಿದ್ದ ಪರಿವರ್ತಕ ಪೆಟ್ಟಿಗೆಗಳ ಒಳತಂತ್ರಾಂಶವನ್ನೇ ಕೆಡಿಸಿದರು. ಸಿಬ್ಬಂದಿ ಸ್ಥಳಕ್ಕೆ ಧಾವಿಸಿ ಕೈಯಿಂದಲೇ ಸ್ವಿಚ್ಚುಗಳನ್ನು ಮುಚ್ಚಬೇಕಾಯಿತು.

ಕೊನೆಯದಾಗಿ, ಕೆಲವು ಪೆಟ್ಟಿಗೆಗಳಲ್ಲಿರುವ ಒಂದು ಜೋಡಿ ದ್ವಾರ. ವಿದ್ಯುತ್ ನಿಂತು ಫೈರ್‌ವಾಲ್ ನಿಶ್ಚೇಷ್ಟಿತವಾದಾಗ, ಒಳಗಿನ ರಿಲೇ ಈ ಎರಡು ದ್ವಾರಗಳನ್ನು ನೇರವಾಗಿ ಕೂಡಿಸುತ್ತದೆ. ಕಾವಲಿಲ್ಲದಿದ್ದರೂ ದಾರಿ ತೆರೆದಿರುತ್ತದೆ. ಇದು ವರವೋ ಅಪಾಯವೋ ಎಂಬುದನ್ನು ಯಂತ್ರ ನಿರ್ಣಯಿಸಲಾರದು. ಕಾಳಿ ನದಿಯ ಮೇಲಣ ಕದ್ರಾದಂಥ ಅಣೆಕಟ್ಟಿನೊಳಗೆ ನೀರಿನ ಮಟ್ಟವನ್ನು ಮಾಪಕದಿಂದ ಬಾಗಿಲ ನಿಯಂತ್ರಕಕ್ಕೆ ಒಯ್ಯುವ ತಂತಿಯಾದರೆ ತೆರೆದಿರುವುದೇ ಲೇಸು. ಹೊರಗಿನ ಆಜ್ಞೆಯನ್ನು ಒಳತರುವ ತಂತಿಯಾದರೆ ಮುಚ್ಚಿರತಕ್ಕದ್ದು. ಸೆಲ್ಯುಲರ್ ಮಾರ್ಗಕ್ಕಂತೂ ಈ ಆಯ್ಕೆಯೇ ಇಲ್ಲ. ಮೋಡೆಮ್ ಕೂಡ ಅದೇ ವಿದ್ಯುತ್ತಿನಿಂದ ಬದುಕುವುದರಿಂದ ಪೆಟ್ಟಿಗೆ ಸತ್ತೊಡನೆ ಆ ದಾರಿಯೂ ಮುಚ್ಚುತ್ತದೆ. ಆದುದರಿಂದ ನೇರ ವಿದ್ಯುತ್ತನ್ನು ಸ್ವೀಕರಿಸುವ ಎರಡು ತಿರುಪುಜೋಡಣೆಗಳಲ್ಲಿ ಎರಡನೆಯದನ್ನು ಬರಿದಾಗಿ ಬಿಡದೆ, ಪ್ರತ್ಯೇಕವಾದ ಬ್ಯಾಟರಿಗೆ ಜೋಡಿಸಿ, ಮುಂಗಾರು ಹಿಡಿಯುವ ಮುನ್ನವೇ ಮೊದಲನೆಯದನ್ನು ಕಿತ್ತು ಪರೀಕ್ಷಿಸಿ ನೋಡಬೇಕು.