ಕರೆಂಟ್ ತೆಗೆದ ನೀರು ಹೊಲಕ್ಕೆ ಬರುತ್ತದೆಯೇ?

ಪ್ರಶ್ನೆ: ಆಲಮಟ್ಟಿಯಲ್ಲಿ ವಿದ್ಯುತ್ ತಯಾರಿಸಿದರೆ ಇಂಡಿ, ಸಿಂದಗಿ ಕಡೆಯ ಕಾಲುವೆಗೆ ನೀರು ಕಡಿಮೆಯಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಟರ್ಬೈನ್ ನೀರನ್ನು ಕುಡಿಯುವುದಿಲ್ಲ. ಅದು ಬೀಳುವ ರಭಸವನ್ನಷ್ಟೇ ಬಳಸಿಕೊಳ್ಳುತ್ತದೆ. ಕರೆಂಟ್ ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ ಎಂಬ ಕಟ್ಟೆಯ ಮಾತನ್ನೂ ನಂಬಬೇಡಿ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಕೆಳಗಿನ ನಾರಾಯಣಪುರದ ಬಸವಸಾಗರದ್ದು 492.25. ಈ 27 ಮೀಟರ್ ಇಳಿಜಾರೇ ವಿದ್ಯುತ್ತಿನ ಬಂಡವಾಳ. 55 ಮೆಗಾವಾಟ್‌ನ ಐದು, 15ರ ಒಂದು ಯಂತ್ರ, ಒಟ್ಟು 290 ಮೆಗಾವಾಟ್. ಯಂತ್ರ ತಿರುಗಿಸಿದ ನೀರು ಮತ್ತೆ ಕೃಷ್ಣೆಗೇ ಸೇರಿ ನಾರಾಯಣಪುರ ತಲುಪುತ್ತದೆ. ಅಲ್ಲಿಂದ ಎಡದಂಡೆ ಕಾಲುವೆ, ಅದರ ಇಂಡಿ ಶಾಖಾ ಕಾಲುವೆ. ಅಂದರೆ ಸಿಂದಗಿಯ ತೊಗರಿಗೆ ಹರಿಯುವುದು ಬಹುಪಾಲು ಒಮ್ಮೆ ದುಡಿದು ಬಂದ ನೀರೇ!

ಬಸವನ ಬಾಗೇವಾಡಿಯ ಎತ್ತರದ ಹೊಲಗಳ ಕಥೆ ಬೇರೆ. ಮುಳವಾಡ ಏತ ನೀರಾವರಿ ಆಲಮಟ್ಟಿಯ ಹಿನ್ನೀರನ್ನೇ ಪಂಪಿನಿಂದ ಮೇಲೆತ್ತುತ್ತದೆ. ಮುದ್ದೇಬಿಹಾಳದ ಕಡೆಗೆ ಚಿಮ್ಮಲಗಿ ಯೋಜನೆಯದೂ ಇದೇ ರೀತಿ. ಈ ನೀರು ಟರ್ಬೈನ್ ಮುಟ್ಟುವುದಿಲ್ಲ, ಮೇಲಾಗಿ ಏರಲು ಕರೆಂಟನ್ನೇ ಬೇಡುತ್ತದೆ. ಕಾಲುವೆಯ ಕೊನೆಯಂಚಿನ ರೈತರಿಗೆ ನೀರು ಮುಟ್ಟದಿದ್ದರೆ ದೂರಬೇಕಾದದ್ದು ಟರ್ಬೈನನ್ನಲ್ಲ. ಹೂಳು, ಸೋರಿಕೆ, ಮೇಲ್ಭಾಗದವರ ಅಕ್ರಮ ಪಂಪ್‌ಸೆಟ್ಟುಗಳನ್ನು ಮೊದಲು ನೋಡಿ.